ಸ್ವಿಚ್ ಒತ್ತುವ ಮೊದಲು ದೀಪ ನೋಡಿ

ನೆಟ್ ಹೋದರೆ ಎಲ್ಲರ ಕೈ ಮೊದಲು ಹೋಗುವುದು ಸ್ವಿಚ್ಚಿನ ಕಡೆಗೆ. ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಎಷ್ಟೋ ಸಲ ಬಂದುಬಿಡುತ್ತದೆ, ನಿಜ. ಆದರೆ ದಿನವೂ ಹೋಗಿ ಬರುವ ನೆಟ್ಟಿಗೆ ಅದು ಮದ್ದಲ್ಲ. ಏಕೆ ಹೋಯಿತು ಎನ್ನುವುದರ ಗುರುತು ಆ ಹೊತ್ತಿಗೆ ನೆಟ್ಟಿನ ಡಬ್ಬಿಯ (ಮೋಡೆಮಿನ) ಮೇಲೇ ಇರುತ್ತದೆ. ಸ್ವಿಚ್ ಒತ್ತಿದರೆ ಅದೂ ಅಳಿಸಿಹೋಗುತ್ತದೆ. ಸಾಗರದ ಹತ್ತಿರದ ಹಳ್ಳಿಮನೆಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವ ನನಗೆ, ಮಳೆಗಾಲ ಪೂರ್ತಿ ಕಾಡಿದ ಲೈನು ಕಲಿಸಿದ ಪಾಠ ಇದು.

ನಮ್ಮದು ಫೈಬರ್ ಸಂಪರ್ಕ. ಡಬ್ಬಿಯ ಮೇಲೆ ಮುಖ್ಯವಾಗಿ ನೋಡಬೇಕಾದ ದೀಪ ಎರಡು: ‘ಪಾನ್’ ಮತ್ತು ‘ಎಲ್‌ಒಎಸ್’. ಎಲ್‌ಒಎಸ್ ಕೆಂಪಗೆ ಹೊತ್ತಿದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ, ಅಥವಾ ಬಂದದ್ದು ಸಾಲುತ್ತಿಲ್ಲ. ಆಗ ಮನೆಯೊಳಗೆ ಏನು ತಿಣುಕಿದರೂ ಪ್ರಯೋಜನ ಕಡಿಮೆ, ಸಾಮಾನ್ಯವಾಗಿ ಲೈನ್‌ಮನ್ ಬರಲೇಬೇಕು. ಪಾನ್ ದೀಪ ಮಿನುಗದೆ ಹಸಿರಾಗಿದ್ದೂ ನೆಟ್ ಇಲ್ಲದಿದ್ದರೆ ದೋಷ ಒಂದೋ ಮನೆಯ ವೈಫೈಯಲ್ಲಿ, ಇಲ್ಲವೇ ಕಂಪನಿಯ ಕಡೆಯಲ್ಲಿ.

ಇವೆರಡನ್ನು ಬೇರೆ ಮಾಡಲು ಒಂದು ಲ್ಯಾನ್ ಕೇಬಲ್ ಸಾಕು. ಲ್ಯಾಪ್‌ಟಾಪನ್ನು ನೇರ ಡಬ್ಬಿಗೆ ಚುಚ್ಚಿ ನೋಡುವುದು. ಕೇಬಲಿನಲ್ಲಿ ಸರಿಯಾಗಿ ಬಂದು ಕೋಣೆಯಲ್ಲಿ ಬಾರದಿದ್ದರೆ ತಪ್ಪು ವೈಫೈಯದು. ನಮ್ಮದು ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆಯ ಮನೆ. 5 ಗಿಗಾಹರ್ಟ್ಸ್ ವೈಫೈ ವೇಗವಾದದ್ದು, ಆದರೆ ಇಂಥ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ, 2.4 ಗಿಗಾಹರ್ಟ್ಸ್ ನಿಧಾನವಾದರೂ ಒಳಕೋಣೆ ತಲುಪುತ್ತದೆ. ಕೆಲಸದ ಕೋಣೆಗೆ ಕೇಬಲನ್ನೇ ಎಳೆಸಿದ್ದರಿಂದ ಆ ತಕರಾರು ಮುಗಿಯಿತು.

ಉಳಿದದ್ದು ಹೊರಗಿನ ಲೈನು. ದೂರು ಕೊಟ್ಟಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ: “ಸಾರ್, ಇಲ್ಲಿಂದ ಎಲ್ಲ ಸರಿ ತೋರಿಸ್ತಾ ಇದೆ, ಒಂದ್ಸಲ ಆಫ್ ಮಾಡಿ ಆನ್ ಮಾಡಿ.” ಅವರು ಹೇಳಿದ್ದು ಸುಳ್ಳೂ ಅಲ್ಲ, ಅವರು ನೋಡುವ ಹೊತ್ತಿಗೆ ಸರಿಯಾಗಿರುತ್ತಿತ್ತು! ಹೋಗಿ ಬರುವ ದೋಷದ ಗುಣವೇ ಅದು. ಹಾಗಾಗಿ ಡಬ್ಬಿಯ ಪಕ್ಕ ಒಂದು ಪುಸ್ತಕ ಇಟ್ಟೆ. ನೆಟ್ ಹೋದಾಗ ಗಂಟೆ ಎಷ್ಟು, ಯಾವ ದೀಪ ಹೇಗಿತ್ತು, ಕರೆಂಟಿತ್ತೇ, ಮಳೆಯೇ ಗಾಳಿಯೇ ಎಂದು ಬರೆದೆ.

ಇದರ ಜೊತೆಗೆ ಇನ್ನೊಂದು ಅಂಕಿ. ಬ್ರೌಸರಿನಲ್ಲಿ 192.168.1.1 ಎಂದು ಹೊಡೆದರೆ ಅನೇಕ ಡಬ್ಬಿಗಳ ಒಳಪುಟ ತೆರೆಯುತ್ತದೆ. ಅಲ್ಲಿ ಮನೆಗೆ ಬಂದು ಮುಟ್ಟುವ ಬೆಳಕಿನ ಬಲ ಡಿಬಿಎಂ ಲೆಕ್ಕದಲ್ಲಿ, ಮೈನಸ್ ಸಂಖ್ಯೆಯಾಗಿ ಕಾಣುತ್ತದೆ. ಮನೆಗಳಿಗೆ ಫೈಬರ್ ಕೊಡುವ ಸಾಮಾನ್ಯ ಬಗೆಯಾದ ಜಿಪಾನ್ ಉಪಕರಣಕ್ಕೆ ಮೈನಸ್ 27ರ ಸುತ್ತಮುತ್ತ ಕೊನೆಯ ಗಡಿ. ಪ್ರತಿ 3 ಡೆಸಿಬಲ್ ಇಳಿದಾಗ ಬೆಳಕು ಅರ್ಧಕ್ಕೆ ಇಳಿಯುತ್ತದೆ. ನಮ್ಮಲ್ಲಿ ಶಾಂತವಾದ ದಿನ ಮೈನಸ್ 22 ಇರುತ್ತಿದ್ದದ್ದು, ಗಾಳಿ ಎದ್ದರೆ ಮೈನಸ್ 28ಕ್ಕೆ ಜಾರುತ್ತಿತ್ತು. ಅಂದರೆ ಕಾಲು ಭಾಗ ಬೆಳಕು ಮಾತ್ರ.

ಪುಸ್ತಕ ತಿರುವಿದಾಗ ಕಂಡದ್ದು: ಎಷ್ಟೇ ಜಡಿಮಳೆಯಿದ್ದರೂ ಗಾಳಿಯಿಲ್ಲದಿದ್ದರೆ ನೆಟ್ ಹೋಗುತ್ತಿರಲಿಲ್ಲ. ಬೆಳಕು ಸಾಗುವ ಗಾಜಿನೆಳೆಗೆ ನೀರಿನಿಂದ ಅಂಥ ತೊಂದರೆಯಿಲ್ಲ, ಬಾಗುವುದೇ ಅದಕ್ಕೆ ಆಗದ್ದು. ಬಿಗಿಯಾಗಿ ಬಾಗಿದ ಕಡೆ ಬೆಳಕು ಹೊರಕ್ಕೆ ಸೋರುತ್ತದೆ. ಈ ಸಲ ಲೈನ್‌ಮನ್ ಬಂದಾಗ ಪುಸ್ತಕವನ್ನೇ ಮುಂದಿಟ್ಟೆ. ಆತ ನೋಡಿದವನೇ, “ಹಾಗಾದ್ರೆ ತೋಟದಲ್ಲೇ ಎಲ್ಲೋ ಇದೆ” ಎಂದು ಕೇಬಲ್ ಹಿಡಿದು ಹೊರಟ. ಅಡಿಕೆ ಮರವೊಂದಕ್ಕೆ ಕೇಬಲನ್ನು ತಂತಿಯಲ್ಲಿ ಬಿಗಿದು ಕಟ್ಟಿದ್ದರು. ಮರ ತೂಗಿದಾಗಲೆಲ್ಲ ಅಲ್ಲಿ ಎಳೆ ಮುರುಟುತ್ತಿತ್ತು. ಆ ತುಂಡು ಕತ್ತರಿಸಿ, ಹೊಸದಾಗಿ ಜಾಯಿಂಟ್ ಹಾಕಿ, ಕೇಬಲನ್ನು ಸಡಿಲ ಬಿಟ್ಟು ಕಟ್ಟಿದ. ಅಂಕಿ ಮೈನಸ್ 21ಕ್ಕೆ ಬಂದು ನಿಂತಿತು. ಕತ್ತರಿಸಿದ ತುದಿಯನ್ನು ಕುತೂಹಲಕ್ಕೆ ಕಣ್ಣಿಗೆ ಹಿಡಿಯಬೇಡಿ ಎಂದೂ ಎಚ್ಚರಿಸಿದ. ಅದರೊಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವಂಥದಲ್ಲ.

ಪುಸ್ತಕ ಇನ್ನೊಂದನ್ನೂ ಹಿಡಿದುಕೊಟ್ಟಿತು. ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣದಲ್ಲಿ ಡಬ್ಬಿ ಸತ್ತು ಹುಟ್ಟುತ್ತಿತ್ತು. 12 ವೋಲ್ಟಿನ ಪುಟ್ಟ ಯುಪಿಎಸ್ ಇದಕ್ಕೆ ಸಾಕಾಯಿತು. ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಳ್ಳಬೇಕು. ಜಿಪಾನ್ ಲೈನಿನಲ್ಲಿ ಬೆಳಕು ಹಂಚುವ ಸ್ಪ್ಲಿಟ್ಟರಿಗೆ ವಿದ್ಯುತ್ತೇ ಬೇಡ. ಆದ್ದರಿಂದ ಮನೆಯ ಡಬ್ಬಿಗೆ ಯುಪಿಎಸ್, ಕಂಪನಿಯ ಕೇಂದ್ರದಲ್ಲಿ ಬ್ಯಾಟರಿ ಇದ್ದರೆ, ಊರಿಗೆಲ್ಲ ಕರೆಂಟಿಲ್ಲದಾಗಲೂ ನೆಟ್ ಇರುತ್ತದೆ.

ದೊಡ್ಡ ಗಾಳಿಗೆ ಮರ ಬಿದ್ದರೆ ಈಗಲೂ ಲೈನು ತುಂಡಾಗುತ್ತದೆ, ಅದಕ್ಕೆ ನನ್ನಲ್ಲಿ ಉಪಾಯವಿಲ್ಲ. ಆದರೆ ದೂರು ಕೊಡುವ ರೀತಿ ಬದಲಾಗಿದೆ. “ನೆಟ್ ಬರ್ತಿಲ್ಲ” ಎನ್ನುವ ಬದಲು “ಎಲ್‌ಒಎಸ್ ಕೆಂಪಿದೆ, ಮೂರು ಗಂಟೆಗೆ ಹೋಯಿತು, ಅದಕ್ಕೆ ಮುಂಚೆ ಮೈನಸ್ 21 ಇತ್ತು” ಎಂದರೆ, ಆಫ್ ಮಾಡಿ ಆನ್ ಮಾಡಿ ಎಂದು ಯಾರೂ ಹೇಳುವುದಿಲ್ಲ. ಏಣಿ ತರಬೇಕೇ, ಜಾಯಿಂಟ್ ಹಾಕುವ ಯಂತ್ರ ತರಬೇಕೇ ಎಂಬುದು ಲೈನ್‌ಮನ್‌ಗೆ ಹೊರಡುವ ಮೊದಲೇ ಗೊತ್ತಿರುತ್ತದೆ.