ಬೈಕಿನ ಸಿಂಗಾರಕ್ಕೆ ಸಾಲ

ಹಿಮಾಲಯನ್ 411 ಕೊಂಡದ್ದರ ಬಗ್ಗೆ ನನಗೆ ತಕರಾರಿಲ್ಲ. 2022ರ ಕೊನೆಗೆ ಅದನ್ನು ಬೆಳಗಾವಿ ಖಾಸಬಾಗದ ನಮ್ಮ ಓಣಿಗೆ ತಂದಾಗ, 350 ಸಿಸಿ ಗೆರೆ ದಾಟಿದವನು ಏನೇನು ತೆರಬೇಕು ಎಂಬುದು ಗೊತ್ತಿತ್ತು. ಐದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 15,117 ರೂಪಾಯಿ. ಗೆರೆಯ ಈಚೆ ನಿಂತ 350ಕ್ಕೆ 7,365. ಎರಡಕ್ಕೂ ಜಿಎಸ್‌ಟಿ ಬೇರೆ. ಈಗಂತೂ ಆ ಗೆರೆ ಇನ್ನೂ ದಪ್ಪವಾಗಿದೆ: 2025ರ ಸೆಪ್ಟೆಂಬರ್ 22ರಿಂದ 350ರವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಮೇಲಿನದಕ್ಕೆ ಶೇ 40. ಇರಲಿ. ದೂರ ಓಡಿಸುವ ಆಸೆಗೆ ಅಷ್ಟು ಕೊಡಬಹುದು. ನನ್ನ ತಕರಾರು ಏನಿದ್ದರೂ ಆ ಬೈಕಿಗೂ ನನಗೂ ತೊಡಿಸಿದ 90 ಸಾವಿರದ ಸಾಮಾನಿಗೆ ಮಾಡಿದ ಸಾಲದ ಮೇಲೆ.

ಸಾಮಾನಿನ ಪಟ್ಟಿ ಸವಾರರಿಗೆ ಬಾಯಿಪಾಠವೇ. ಜೋಡಿ ಅಲ್ಯುಮಿನಿಯಂ ಪೆಟ್ಟಿಗೆ, ರ್‍ಯಾಕ್ ಸೇರಿ 38 ಸಾವಿರ. ಫಾಗ್ ಲೈಟು, ವೈರಿಂಗ್ 12. ಕ್ರ್ಯಾಶ್ ಗಾರ್ಡ್, ಬ್ಯಾಶ್ ಪ್ಲೇಟ್ 9. ಸೀಟು, ರೈಸರ್, ದೊಡ್ಡ ವಿಂಡ್‌ಶೀಲ್ಡ್ 11. ಜಾಕೆಟು, ಬೂಟು 20. ನಮ್ಮ ಸವಾರರ ಗುಂಪಿನವರು ಸ್ಪಿತಿಗೆ ಹೊರಡುವ ಮಾತಾಡುತ್ತಿದ್ದರು, ಪೆಟ್ಟಿಗೆ ಅಂಗಡಿಯಲ್ಲಿ ಸಿದ್ಧವಿತ್ತು, ನನ್ನ ಹಣ ಎಫ್‌ಡಿಯಲ್ಲಿತ್ತು. ಫೈನಾನ್ಸಿನ ಹುಡುಗ ಅಲ್ಲೇ ಕೂತಿದ್ದ. "ಬಡ್ಡಿ ಬರೇ 11 ಪರ್ಸೆಂಟ್ ರೀ ಸರ್, ಅದೂ ಫ್ಲ್ಯಾಟ್. ಎಫ್‌ಡಿಗೆ ಯಾಕ ಕೈ ಹಚ್ಚತೀರಿ?"

ಎಫ್‌ಡಿ ಮುರಿಯುವುದೆಂದರೆ ನಮ್ಮ ಮನೆಗಳಲ್ಲಿ ಕೊರಳಿನ ತಾಳಿ ಅಡವಿಟ್ಟಷ್ಟೇ ಅಪಶಕುನ. ಹುಡುಗನಿಗೆ ಅದು ಗೊತ್ತಿತ್ತು. ಸಹಿ ಮಾಡಿದೆ.

ಈಗ ಲೆಕ್ಕ. ನಿಧಾನವಾಗಿಯೇ ಹೋಗೋಣ, ಇಲ್ಲಿಯೇ ಎಲ್ಲರೂ ಜಾರುವುದು. 90,000ಕ್ಕೆ ಶೇ 11 ಫ್ಲ್ಯಾಟ್ ಅಂದರೆ ವರ್ಷಕ್ಕೆ 9,900, ಎರಡು ವರ್ಷಕ್ಕೆ 19,800. ಒಟ್ಟು 1,09,800ನ್ನು 24ರಿಂದ ಭಾಗಿಸಿದರೆ ಕಂತು 4,575. ಆದರೆ 90 ಸಾವಿರ ನನ್ನ ಕೈಯಲ್ಲಿ ಇದ್ದದ್ದು ಮೊದಲ ತಿಂಗಳು ಮಾತ್ರ. ತಿಂಗಳು ತಿಂಗಳು ಅಸಲು ಇಳಿಯುತ್ತ ಹೋಗಿ ಕೊನೆಯ ಕಂತಿನ ಹೊತ್ತಿಗೆ ಸಾಲ ನಾಲ್ಕೂವರೆ ಸಾವಿರಕ್ಕೆ ಬಂದಿರುತ್ತದೆ. ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 90 ಸಾವಿರದ ಮೇಲೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ದರ ಶೇ 20ರ ಹತ್ತಿರ. ಮೊದಲೇ ಹಿಡಿದುಕೊಂಡ 2,000 ಪ್ರೊಸೆಸಿಂಗ್ ಫೀ ಸೇರಿಸಿದರೆ ಶೇ 22 ದಾಟುತ್ತದೆ.

"ಆದರ ಎಫ್‌ಡಿ ಉಳೀತಲ್ಲಪಾ" ಅಂದರು ನಮ್ಮ ಗುಂಪಿನ ಹಿರಿಯರೊಬ್ಬರು. ಶೇ 7ರ ಎಫ್‌ಡಿಯಲ್ಲಿ 90 ಸಾವಿರ ಎರಡು ವರ್ಷಕ್ಕೆ ಸುಮಾರು 1,03,400 ಆಗುತ್ತದೆ. 13,400 ಬಂತು, 19,800 ಹೋಯಿತು, ನಷ್ಟ 6,400 ಅಷ್ಟೇ ಎಂಬುದು ಅವರ ವಾದ. ಬಹಳ ಜನ ಇಲ್ಲಿಗೇ ಪೆನ್ನು ಮುಚ್ಚುತ್ತಾರೆ. ಕಂತಿನ ಹಣವೂ ಹಣವೇ ಅಲ್ಲವೇ? ಎಫ್‌ಡಿ ಮುರಿದು ಸಾಮಾನು ಕೊಂಡು, ಅದೇ 4,575ನ್ನು ತಿಂಗಳು ತಿಂಗಳು ಶೇ 7ರ ಆರ್‌ಡಿಗೆ ಹಾಕಿದ್ದರೆ ಎರಡು ವರ್ಷಕ್ಕೆ ಸುಮಾರು 1,17,400 ಕೂಡುತ್ತಿತ್ತು. ಉಳಿಸಿಕೊಂಡ ಎಫ್‌ಡಿಗಿಂತ 14,000 ಹೆಚ್ಚು. ಪ್ರೊಸೆಸಿಂಗ್ ಫೀ ಕೂಡಿದರೆ ನಷ್ಟ 16,000ದ ಮೇಲೆ. ಅವಧಿಗೆ ಮೊದಲು ಮುರಿದದ್ದಕ್ಕೆ ಬ್ಯಾಂಕು ದಂಡವಾಗಿ ಕತ್ತರಿಸುವ ಬಡ್ಡಿ ಇದರ ಮುಂದೆ ಚಿಲ್ಲರೆ.

ಇದೇ ಗುಂಪು ಭಾನುವಾರ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದು, ಗೋವಾದಲ್ಲಿ ಪೆಟ್ರೋಲ್ ಅಗ್ಗವೆಂದು 15 ಲೀಟರ್ ಟ್ಯಾಂಕ್ ಕಂಠದವರೆಗೆ ತುಂಬಿಸಿಕೊಂಡು ಬರುತ್ತದೆ. ಉಳಿತಾಯ ಹೆಚ್ಚೆಂದರೆ ನೂರು ರೂಪಾಯಿ. ಅದರ ಸುದ್ದಿ ಮುಂದಿನ ಭಾನುವಾರದವರೆಗೆ ನಡೆಯುತ್ತದೆ.

ಫ್ಲ್ಯಾಟ್ ದರ ಹೇಳಿ ಸಾಲ ಮಾರುವವರ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇಂಥ ಪ್ರತಿ ಸಾಲಕ್ಕೂ ಮುಖ್ಯ ವಿವರಗಳ ಪತ್ರ, ಅಂದರೆ ಕೆಎಫ್‌ಎಸ್ ಕೊಡಲೇಬೇಕು, ಅದೂ ಸಾಲ ಪಡೆಯುವವನಿಗೆ ತಿಳಿಯುವ ಭಾಷೆಯಲ್ಲಿ. ಅದರಲ್ಲಿ ಎಪಿಆರ್ ಬರೆದಿರುತ್ತದೆ. ಫೀ ಗೀ ಎಲ್ಲ ಸೇರಿದ ನಿಜವಾದ ದರ ಅದು. ಇತ್ತೀಚೆಗೆ ಗೆಳೆಯನೊಬ್ಬನ ಜೊತೆ ಹೋಗಿ ಕೇಳಿದರೆ, "ವಾಟ್ಸ್ಆ್ಯಪ್ ಮಾಡ್ತೀನ್ರಿ ಸರ್, ಮೊದ್ಲ ಇಲ್ಲೊಂದು ಸಹಿ ಹಾಕ್ರಿ" ಎಂಬ ಉತ್ತರ ಬಂತು. ಸಹಿ ಕೇಳುವವನಿಗೆ ಕಾಗದ ತೋರಿಸಲು ಏನು ಧಾಡಿ? ಎದ್ದು ಬಂದೆವು.

ಸಾಲದ ಸಾಮಾನಿಗೆ ಇನ್ನೊಂದು ತೂತಿದೆ. ಕಂಪನಿಯಿಂದ ಬಾರದ ಲೈಟು, ಪೆಟ್ಟಿಗೆಗಳನ್ನು ವಿಮೆಯಲ್ಲಿ ಬೇರೆಯಾಗಿ ನಮೂದಿಸದಿದ್ದರೆ ಬಿದ್ದಾಗ ಅವುಗಳ ಕ್ಲೇಮ್ ಇಲ್ಲ. ಜೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರಿಗೆ ಸವಕಳಿಯೆಂದು ಅರ್ಧ ಬೆಲೆ ಮೊದಲೇ ಕಡಿತ. ಗುಂಡು ಹಾರಿದಂತೆ ಸದ್ದು ಮಾಡುವ ಸೈಲೆನ್ಸರ್ ಹಾಕಿಸುವ ತಮ್ಮಂದಿರು ಮೋಟಾರು ವಾಹನ ಕಾಯ್ದೆಯ ಕಲಂ 182ಎ ಓದಲಿ: ಕಾನೂನು ಒಪ್ಪದ ಒಂದೊಂದು ಬದಲಾವಣೆಗೂ 5,000 ದಂಡ, ಆರು ತಿಂಗಳವರೆಗೆ ಜೈಲೂ ಆದೀತು.

ಆ 90 ಸಾವಿರದಲ್ಲಿ ಜಾಕೆಟು, ಬೂಟು, ಗಾರ್ಡಿನ 29 ಸಾವಿರಕ್ಕೆ ನಾನು ಇಂದಿಗೂ ಚೌಕಾಸಿ ಮಾಡುವುದಿಲ್ಲ. ಪೆಟ್ಟಿಗೆಯ ಮಾತು ಬೇರೆ. ಸುಮಾರು ಇನ್ನೂರು ಕಿಲೋ ತೂಗುವ ಬೈಕಿಗೆ ಎರಡು ಡಬ್ಬಿ ಕಟ್ಟಿಕೊಂಡು ರಾಮನಗರ, ಅನಮೋಡದ ತಿರುವುಗಳಲ್ಲಿ ತಿರುಗಿಸುವುದು ಸುಖವಲ್ಲ. ಒಂದು ರಾತ್ರಿಯ ಪ್ರವಾಸಕ್ಕೆ ಹಿಂದಿನ ಸೀಟಿಗೆ ಬಿಗಿದ ಚೀಲ, ಮೇಲೊಂದು ತಾಡಪತ್ರಿ ಸಾಕು.

ಖಾನಾಪುರದ ಮಿಸ್ತ್ರಿ ನನ್ನ ಬೈಕಿನ ಸುತ್ತ ಒಮ್ಮೆ ಸುತ್ತು ಹಾಕಿ ಕೇಳಿದ್ದ: "ಅಣ್ಣಾರ, ಲೈಟ್ ಚಂದ ಅದಾವ. ಚೈನ್ ಯಾವಾಗ ನೋಡೀರಿ?" ಮಳೆಗಾಲದಲ್ಲಿ ಆ ಕಡೆಯ ಕೆಂಪು ಕೆಸರು ಚೈನಿಗೆ ಅಂಟಿ ಅರದಂತೆ ಸವೆಸುತ್ತದೆ. ಐನೂರು ಕಿಲೋಮೀಟರಿಗೊಮ್ಮೆ ತೊಳೆದು ಲ್ಯೂಬ್ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಗೆ ಬಂದ ಸಂಜೆಯೇ. ಅರ್ಧ ಗಂಟೆಯ ಕೆಲಸ. ಅದನ್ನು ಬಿಟ್ಟವನು ಚೈನ್ ಜೊತೆ ಎರಡೂ ಸ್ಪ್ರಾಕೆಟ್‌ಗಳನ್ನು ಅವಧಿಗೆ ಮುಂಚೆ ಕೊಳ್ಳುತ್ತಾನೆ. ಸ್ಪೋಕ್ ಚಕ್ರದಲ್ಲಿ ಟ್ಯೂಬ್ ಇರುತ್ತದೆ, ಮುಂದಿನದು 21 ಇಂಚಿನದು, ಎಲ್ಲ ಪಂಕ್ಚರ್ ಅಂಗಡಿಯಲ್ಲೂ ಸಿಗುವಂಥದ್ದಲ್ಲ, ಒಂದು ಜೊತೆಗಿರಲಿ. ಬ್ರೇಕ್ ಪ್ಯಾಡ್ ಸವೆದದ್ದನ್ನು ಘಾಟಿನ ಇಳುಕಲಿನಲ್ಲಿ ತಿಳಿದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಫೋನಿನ ಗಾಜು ದಿನಕ್ಕೆ ಹತ್ತು ಸಲ ಒರೆಸುವವರು ಟೈರಿನ ಗಾಳಿ ವಾರಕ್ಕೊಮ್ಮೆ ನೋಡುವುದಿಲ್ಲ.

ಸಾಲವಿಲ್ಲದೆ ಸಾಮಾನು ಕೊಳ್ಳಲು ನಮ್ಮಲ್ಲಿ ಈಗ ಭಿಶಿ ನಡೆಯುತ್ತಿದೆ. ಹನ್ನೆರಡು ಮಂದಿ, ತಿಂಗಳಿಗೆ ಎರಡು ಸಾವಿರ, ಚೀಟಿ ಎತ್ತಿದವರಿಗೆ 24,000. ಹರಾಜಿಲ್ಲ, ಬಡ್ಡಿಯಿಲ್ಲ. ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿರುವವರೆಗೆ ಮಾತ್ರ ಇದು ಸರಿ. ಗುರುತಿಲ್ಲದವರ ಭಿಶಿಗೆ ನಾನು ಐನೂರನ್ನೂ ಹಾಕುವುದಿಲ್ಲ. ಹೋದ ಸಲ ಚೀಟಿ ಬಂದವನು ಎರಡೂ ಟೈರ್ ಬದಲಿಸಿ, ಮಿಕ್ಕಿದ್ದನ್ನು ಈ ವರ್ಷದ ಜೀರೋ ಡೆಪ್ ಪಾಲಿಸಿಗೆ ತೆಗೆದಿಟ್ಟ. ಸೈಲೆನ್ಸರ್ ಬೇಕೆನ್ನುವವನ ಚೀಟಿ ಇನ್ನೂ ಡಬ್ಬಿಯಲ್ಲಿದೆ.