ತಪ್ಪು ಹಿಡಿಯುವ ಕಿವಿ

ಪ್ರೀತಿಯ ತಂಗಿ,

ಪಾಠವೆಲ್ಲ ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ಚೊಳಚಗುಡ್ಡದಿಂದ ಬಸ್ಸು ಹತ್ತಿ ಗದಗಿನವರೆಗೆ ಹೋಗಿ ಸಂಗೀತ ಯಾಕೆ ಕಲಿಯಬೇಕು ಎಂದು ನಿನ್ನ ಓರಗೆಯವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಭೀಮಸೇನ ಜೋಶಿಯವರಿಗೆ ಸಂಗೀತದ ಹುಚ್ಚು ಹತ್ತಿಸಿದ್ದರಲ್ಲಿ ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯ ಗ್ರಾಮಫೋನ್ ತಟ್ಟೆಯ ಪಾಲು ದೊಡ್ಡದು. ಆದರೆ ಆ ತಟ್ಟೆಯನ್ನೇ ನೂರು ಸಲ ತಿರುಗಿಸಿ ಅವರು ಗವಾಯಿಯಾಗಲಿಲ್ಲ. 1933ರಲ್ಲಿ, ಇನ್ನೂ ಹನ್ನೊಂದರ ಹುಡುಗ, ಗುರುವನ್ನು ಹುಡುಕಿ ಮನೆ ಬಿಟ್ಟರು. ಗ್ವಾಲಿಯರ್ ಆಯಿತು, ಜಲಂಧರ್ ಆಯಿತು. ಅಲ್ಲಿ ವಿನಾಯಕರಾವ್ ಪಟವರ್ಧನರು ನಿಮ್ಮ ಸೀಮೆಯ ಕುಂದಗೋಳದಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ ಎಂದು ತಿಳಿಸಿ ಹಿಂದಕ್ಕೆ ಕಳಿಸಿದರು. ಗದಗಿನ ಹುಡುಗನಿಗೆ ಕುಂದಗೋಳದ ದಾರಿ ಪಂಜಾಬಿನಲ್ಲಿ ತಿಳಿಯಿತು! ಸವಾಯಿ ಗಂಧರ್ವರು ಆ ಖಾನರದೇ ಶಿಷ್ಯರು. ಅವರು ಹುಡುಗನಿಗೆ ರಾಗಗಳ ರಾಶಿ ಸುರಿಯಲಿಲ್ಲ. ತೋಡಿ, ಮುಲ್ತಾನಿ, ಪೂರಿಯಾದಂಥ ಕೆಲವನ್ನೇ ಹಿಡಿದು ವರ್ಷಗಟ್ಟಲೆ ತಿಕ್ಕಿದರು. ರಾಗದ ಸಂಖ್ಯೆಯಲ್ಲಿ ಮೊಬೈಲು ಯಾವ ಗುರುವನ್ನೂ ಸೋಲಿಸುತ್ತದೆ. ಆದರೆ ನಿನ್ನ ಗಾಂಧಾರ ಕೂದಲೆಳೆಯಷ್ಟು ಇಳಿದಾಗ ಅದು ಸುಮ್ಮನೆ ಮುಂದೆ ಹಾಡುತ್ತ ಹೋಗುತ್ತದೆ. ಹಾಡುವವಳಿಗೆ ತನ್ನ ತಪ್ಪು ತಪ್ಪಾಗಿ ಕೇಳಿಸುವುದಿಲ್ಲ, ಅಲ್ಲಿಯೇ ಇದೆ ತೊಡಕು. ಅದೇ ತಪ್ಪನ್ನು ನಿತ್ಯ ರಿಯಾಜ್ ಮಾಡಿದರೆ ಅದೇ ಗಟ್ಟಿಯಾಗಿ ಕೂಡುತ್ತದೆ.

ತಿದ್ದುವ ಗುರು ಬೇಕೆಂಬುದಕ್ಕೆ ಇನ್ನೂ ಗಟ್ಟಿ ಸಾಕ್ಷಿ ನಿಮ್ಮೂರಿಗೆ ಹತ್ತಿರವೇ ಇದೆ. ಮಲಪ್ರಭೆಯ ದಂಡೆಯ ಶಿವಯೋಗಮಂದಿರವನ್ನು 1909ರಲ್ಲಿ ಕಟ್ಟಿದ ಹಾನಗಲ್ಲ ಕುಮಾರ ಸ್ವಾಮಿಗಳು, ಕಣ್ಣಿಲ್ಲದ ಹುಡುಗನೊಬ್ಬನ ಕಂಠ ಕೇಳಿ ಅವನ ವಿದ್ಯೆಯ ಭಾರ ಹೊತ್ತರು. ಆ ಹುಡುಗನೇ ಪಂಚಾಕ್ಷರ ಗವಾಯಿ. ವೀರಶೈವ ಮಠದ ಆ ಶಿಷ್ಯನಿಗೆ ಹಿಂದುಸ್ತಾನಿ ಕಲಿಸಿದವರಲ್ಲಿ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರೂ ಒಬ್ಬರು. ಮುಂದೆ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನದ ಜೊತೆ ವಿದ್ಯೆ ಕೊಟ್ಟರು. ಅವರ ತರುವಾಯ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನೇ ನಡೆಸಿದರು. ಗುರುವಿಗೂ ಕಣ್ಣಿಲ್ಲ, ಶಿಷ್ಯನಿಗೂ ಇಲ್ಲ. ತಬಲಾದ ಮೇಲೆ ಬೆರಳು ಎಲ್ಲಿ ಬೀಳಬೇಕು ಎಂಬುದನ್ನು ಕೈಹಿಡಿದೇ ಕಲಿಸಬೇಕು, ಕಿವಿಯಿಂದಲೇ ತಿದ್ದಬೇಕು. ನೋಡಿ ಕಲಿಯುವುದೇ ಕಲಿಕೆಯೆಂದಿದ್ದರೆ ಆ ಆಶ್ರಮದಿಂದ ಒಬ್ಬ ಕಲಾವಿದನೂ ಹೊರಬರುತ್ತಿರಲಿಲ್ಲ.

ಗುರುಕುಲವೆಂದರೆ ಚಾಕರಿ, ಬೈಗುಳ, ಜಾತಿ ನೋಡಿ ಕೊಡುವ ವಿದ್ಯೆ ಎನ್ನುವವರೂ ಇದ್ದಾರೆ. ಸುಳ್ಳಲ್ಲ. ವಿದ್ಯೆಯನ್ನು ಬಚ್ಚಿಟ್ಟುಕೊಂಡು ಸತ್ತ ಉಸ್ತಾದರಿದ್ದರು, ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದವರಿದ್ದರು. ಅಂಥವರ ಕಾಲಿಗೆ ಬೀಳು ಎಂದು ನಾನು ಹೇಳುವುದಿಲ್ಲ. ಹಿರಿತನಕ್ಕೆ ಕೈಮುಗಿದರೆ ಸಾಕು, ಬುದ್ಧಿಯನ್ನು ಒತ್ತೆಯಿಡಬೇಕಿಲ್ಲ. ರೆಕಾರ್ಡು ಬಂದು ಆ ಗುಟ್ಟುಗಳನ್ನು ಬಯಲು ಮಾಡಿದ್ದು ಒಳ್ಳೆಯದೇ ಆಯಿತು. ಆದರೆ ಕೆಟ್ಟ ಗುರುವಿಗೆ ಮದ್ದು ಒಳ್ಳೆಯ ಗುರು, ಗುರುವೇ ಇಲ್ಲದಿರುವುದಲ್ಲ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಬಂದು ಕಲಿತರು. ಗಾಯಕಿಯರ ಮನೆತನದ ಹೆಣ್ಣುಮಗಳೆಂದು ಮೂಗು ಮುರಿಯುವ ಜನ ಊರಲ್ಲಿದ್ದರು; ಕಲಿಸಿದ ಸವಾಯಿ ಗಂಧರ್ವರು ಬ್ರಾಹ್ಮಣರು. ಎದುರುಬದುರು ಕೂತು ಕಲಿಯುವುದು ಹಳೆಯ ಕಟ್ಟಳೆಗಳನ್ನು ಉಳಿಸಿಕೊಳ್ಳುವ ನೆಪ ಆಗಲೇಬೇಕೆಂದಿಲ್ಲ.

ಖರ್ಚಿನ ಮಾತು ಉಳಿಯಿತು. ಬಸ್ಸಿನ ಚಾರ್ಜು, ಹೋದ ದಿನದ ಕೂಲಿ ಎರಡೂ ಬಡವರ ಮನೆಗೆ ಭಾರವೇ. ಅದಕ್ಕೇ ಹೇಳುತ್ತೇನೆ, ಮೊಬೈಲನ್ನು ಬಿಡಬೇಡ. ಬಂದಿಶ್ ಬಾಯಿಪಾಠ ಮಾಡುವುದಕ್ಕೆ, ದೊಡ್ಡವರ ಹಾಡು ಕೇಳುವುದಕ್ಕೆ ಅದೇ ಸಾಕು. ತಿದ್ದಿಸಿಕೊಳ್ಳುವುದಕ್ಕೆ ಮಾತ್ರ ಮನುಷ್ಯರ ಹತ್ತಿರ ಹೋಗು. ತಿಂಗಳಿಗೆ ಒಂದೆರಡು ಸಲವಾದರೂ ಸರಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ನಿಮ್ಮೂರಿಗೇ ಬಂದು ಬಿಡಾರ ಹೂಡುತ್ತವೆ. ಪ್ರದರ್ಶನವಿಲ್ಲದ ಹೊತ್ತು ನೋಡಿ, ಹಾರ್ಮೋನಿಯಂ ಮಾಸ್ತರರ ಮುಂದೆ ಕೂತು ಒಂದು ಪದ ಹಾಡು. ಭೇಷ್ ಎಂದು ಚಹಾ ಕೊಟ್ಟು ಕಳಿಸಿದರೆ ನಮಸ್ಕಾರ ಹೇಳಿ ಬಾ. ನಡುವೆ ನಿಲ್ಲಿಸಿ, ಆ ಸ್ವರವನ್ನು ಮತ್ತೊಮ್ಮೆ ಹಿಡಿ ಎಂದರೆ, ಮರುದಿನವೂ ಹೋಗು.

ಇತಿ,
ನಿನ್ನ ಹಿತ ಬಯಸುವ ಹಿರಿಯ