ಫೈಲು ಯಾರ ಕೈಯಲ್ಲಿದೆ?

ದೊಡ್ಡನೆಕ್ಕುಂದಿ ಎಂದರೆ ಹೆಚ್ಚಿನವರಿಗೆ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳೇ ನೆನಪಾಗುತ್ತವೆ. ನನ್ನ ಕೆಲಸವಿರುವುದು ಮಹದೇವಪುರದ ಕಡೆಯ ಕೈಗಾರಿಕಾ ಪ್ರದೇಶದಲ್ಲಿ. ಇಲ್ಲಿನ ಸಣ್ಣ ಕಾರ್ಖಾನೆಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಆಫೀಸಿನಲ್ಲೊಂದು ಸರ್ವರ್, ಅಕೌಂಟ್ಸ್, ಸ್ಟೋರ್ಸ್, ಡಿಸ್ಪ್ಯಾಚ್‌ಗೆ ಒಂದೊಂದು ಪಿಸಿ. ಎಲ್ಲರೂ ಬಳಸುವುದು ಸರ್ವರಿನಲ್ಲಿರುವ ಒಂದೇ ಬಿಲ್ಲಿಂಗ್ ಸಾಫ್ಟ್‌ವೇರ್.

2023ರ ಆಗಸ್ಟ್ 1ರಿಂದ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೂ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಹಳೇ ವರ್ಷನ್ನಿನಲ್ಲೇ ಕಾಲ ತಳ್ಳುತ್ತಿದ್ದವರೆಲ್ಲ ಒಮ್ಮೆಲೇ ಅಪ್‌ಗ್ರೇಡ್‌ಗೆ ಬಿದ್ದರು. ಆಗ ನನ್ನನ್ನು ಹೆಚ್ಚು ಕಾಡಿದ್ದು ವಿಂಡೋಸಿನ 32ನೇ ನಂಬರಿನ ಎರರ್: ಫೈಲು ಬೇರೊಂದು ಪ್ರೋಗ್ರಾಮಿನ ಬಳಕೆಯಲ್ಲಿದೆ. ಓಡುತ್ತಿರುವ ಪ್ರೋಗ್ರಾಮಿನ ಇಎಕ್ಸ್‌ಇ, ಡಿಎಲ್‌ಎಲ್ ಫೈಲುಗಳ ಮೇಲೆ ಹೊಸದನ್ನು ಬರೆಯಲು ವಿಂಡೋಸ್ ಬಿಡುವುದಿಲ್ಲ. ಲೇಥ್ ತಿರುಗುತ್ತಿರುವಾಗ ಚಕ್ ಬಿಚ್ಚಲು ಬಾರದಲ್ಲ, ಹಾಗೆ. ಒಳ್ಳೆಯ ಇನ್‌ಸ್ಟಾಲರ್ ಆದರೆ ಎಲ್ಲವನ್ನೂ ಮೊದಲಿನಂತೆ ಮಾಡಿ ಹಿಂದೆ ಸರಿಯುತ್ತದೆ. ಕೆಲವು ಅರ್ಧ ಹೊಸದು, ಅರ್ಧ ಹಳೆಯದು ಬಿಟ್ಟು ನಿಲ್ಲುತ್ತವೆ. ಸಾಫ್ಟ್‌ವೇರ್ ತೆರೆದುಕೊಳ್ಳುತ್ತದೆ, ಬಿಲ್ ಪ್ರಿಂಟ್ ಕೊಟ್ಟಾಗ ಬೀಳುತ್ತದೆ.

ಟಾಸ್ಕ್ ಮ್ಯಾನೇಜರ್ ತೆರೆದು ಎಂಡ್ ಟಾಸ್ಕ್ ಒತ್ತಿಬಿಡಿ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಅದು ಕಟ್ಟಕಡೆಯ ದಾರಿಯಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಸಂಜೆ ಸರ್ವರಿನಲ್ಲಿ ಎಲ್ಲ ಪ್ರೋಗ್ರಾಮ್ ಮುಚ್ಚಿದ್ದರೂ ಅಪ್‌ಗ್ರೇಡ್ ಮುಂದೆ ಹೋಗಲಿಲ್ಲ. ಫೈಲು ಹಿಡಿದಿರುವ ಪ್ರೋಗ್ರಾಮನ್ನು ಹುಡುಕಿ ಮುಚ್ಚಿಸಲು ವಿಸ್ತಾ ಕಾಲದಿಂದಲೂ ವಿಂಡೋಸಿನಲ್ಲಿ ರೀಸ್ಟಾರ್ಟ್ ಮ್ಯಾನೇಜರ್ ಇದೆ. ಆದರೆ ನೆಟ್‌ವರ್ಕಿನ ಆಚೆ ತುದಿಯಲ್ಲಿ ಕೂತವರು ಅದಕ್ಕೆ ಕಾಣುವುದಿಲ್ಲ. ಅವರು ಕಾಣುವುದು ಕಂಪ್ಯೂಟರ್ ಮ್ಯಾನೇಜ್‌ಮೆಂಟಿನ ಶೇರ್ಡ್ ಫೋಲ್ಡರ್ಸ್ ಒಳಗಿನ ಓಪನ್ ಫೈಲ್ಸ್ ಪಟ್ಟಿಯಲ್ಲಿ. ಅಲ್ಲಿತ್ತು ಸ್ಟೋರ್ಸಿನವರ ಲಾಗಿನ್ ಹೆಸರು.

ಶೆಡ್ಡಿನ ಹಿಂದಿನ ಸ್ಟೋರ್ಸಿಗೆ ಹೋದೆ. ಸ್ಕ್ರೀನಿನ ಮೇಲೆ ಅರ್ಧ ತುಂಬಿದ ಜಿಆರ್‌ಎನ್, ಅಂದರೆ ಬಂದ ಸರಕಿನ ದಾಖಲೆ. ಸ್ಟೋರ್ಸಿನವರು ಚಲನ್ ಹಿಡಿದು, ಟೆಂಪೋದಿಂದ ಇಳಿದ ಸರಳುಗಳ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕುತ್ತಿದ್ದರು. “ಸಾರ್, ಮುಟ್ಬೇಡಿ, ಸೇವ್ ಮಾಡಿಲ್ಲ. ಇನ್ನೂ ಅರ್ಧ ಎಂಟ್ರಿ ಬಾಕಿ ಇದೆ” ಎಂದರು. ಅದೇ ಪಟ್ಟಿಯಲ್ಲಿ ಕ್ಲೋಸ್ ಓಪನ್ ಫೈಲ್ ಎಂಬ ಆಯ್ಕೆಯೂ ಇದೆ. ಸರ್ವರಿನ ಮುಂದೆ ಕೂತು ಅದನ್ನು ಒತ್ತಿದ್ದರೆ ಆ ಮನುಷ್ಯನ ಸಂಜೆಯ ದುಡಿಮೆ ಹೋಗುತ್ತಿತ್ತು, ಡೇಟಾ ಫೈಲೂ ಕೆಡಬಹುದಿತ್ತು. ಅವರು ಮುಗಿಸುವವರೆಗೆ ಕಾದೆವು. ಆಮೇಲೆ ಅಪ್‌ಗ್ರೇಡ್ ತಕರಾರಿಲ್ಲದೆ ಮುಗಿಯಿತು.

ಎಲ್ಲ ಸಲವೂ ಹಿಡಿದಿರುವುದು ಮನುಷ್ಯರೇ ಅಲ್ಲ. ಆಂಟಿವೈರಸ್, ಬ್ಯಾಕಪ್, ಸ್ವಿಚ್ ಯೂಸರ್ ಮಾಡಿ ಮರೆತ ಇನ್ನೊಂದು ಲಾಗಿನ್, ಗಡಿಯಾರದ ಪಕ್ಕದ ಸಣ್ಣ ಐಕಾನ್ ಕೂಡ ಇರಬಹುದು. ರಿಸೋರ್ಸ್ ಮಾನಿಟರಿನ ಸಿಪಿಯು ಪುಟದಲ್ಲಿ ಅಸೋಸಿಯೇಟೆಡ್ ಹ್ಯಾಂಡಲ್ಸ್ ಎಂಬಲ್ಲಿ ಫೈಲಿನ ಹೆಸರು ಟೈಪ್ ಮಾಡಿದರೆ ಆ ಪಿಸಿಯಲ್ಲಿ ಅದನ್ನು ಹಿಡಿದಿರುವ ಪ್ರೋಗ್ರಾಮ್ ಸಿಗುತ್ತದೆ. ಮಾರ್ಕ್ ರಸಿನೋವಿಚ್ ಬರೆದ ಪ್ರೋಸೆಸ್ ಎಕ್ಸ್‌ಪ್ಲೋರರ್ ಇನ್ನೂ ವಿವರವಾಗಿ ತೋರಿಸುತ್ತದೆ.

ಜನ ಹೆಚ್ಚು ಎಡವುವ ಜಾಗ ಇನ್ನೊಂದಿದೆ. ಬದಲಿಸಲಾಗದ ಫೈಲುಗಳನ್ನು ಎಷ್ಟೋ ಇನ್‌ಸ್ಟಾಲರ್‌ಗಳು ಮುಂದಿನ ಬೂಟಿಗೆಂದು ರಿಜಿಸ್ಟ್ರಿಯಲ್ಲಿ ಬರೆದಿಡುತ್ತವೆ. 3010 ಎಂಬ ಕೋಡ್ ಬಂದರೆ ಅಪ್‌ಗ್ರೇಡ್ ಸರಿಹೋಗಿದೆ, ರೀಸ್ಟಾರ್ಟ್ ಬಾಕಿ ಇದೆ ಎಂದರ್ಥ. “ದಿನಾ ರಾತ್ರಿ ಆಫ್ ಮಾಡ್ತೀವಲ್ಲ ಸಾರ್” ಎನ್ನುತ್ತಾರೆ. 2012ರಲ್ಲಿ ವಿಂಡೋಸ್ 8 ಜತೆ ಬಂದ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಶಟ್‌ಡೌನ್ ಮಾಡಿದಾಗ ವಿಂಡೋಸಿನ ತಿರುಳು ಪೂರ್ತಿ ಮುಚ್ಚುವುದಿಲ್ಲ. ಅದರ ಸ್ಥಿತಿ ಡಿಸ್ಕಿಗೆ ಹೋಗಿ, ಬೆಳಿಗ್ಗೆ ಅಲ್ಲಿಂದಲೇ ಎದ್ದು ಬರುತ್ತದೆ. ಬರೆದಿಟ್ಟ ಬದಲಾವಣೆ ಹಾಗೇ ಬಾಕಿ ಉಳಿಯುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಹೊಸದಾಗಿ ಬೂಟ್ ಆಗುತ್ತದೆ.

ಲಿನಕ್ಸ್ ಸರ್ವರ್ ಇರುವಲ್ಲಿ ಸಮಸ್ಯೆ ತಿರುವುಮುರುವು. ಬಳಕೆಯಲ್ಲಿರುವ ಫೈಲಿನ ಹೆಸರಿಗೆ ಹೊಸ ಫೈಲು ಬಂದು ಕೂರುತ್ತದೆ, ಎರರ್ ಬರುವುದಿಲ್ಲ. ಓಡುತ್ತಿರುವ ಸರ್ವಿಸ್ ಮಾತ್ರ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಎಲ್‌ಎಸ್‌ಒಎಫ್ ಕಮಾಂಡಿನಲ್ಲಿ ಆ ಹಳೆಯ ಫೈಲಿನ ಪಕ್ಕ ಡಿಲೀಟೆಡ್ ಎಂದು ಕಂಡರೆ ಆ ಸರ್ವಿಸನ್ನು ರೀಸ್ಟಾರ್ಟ್ ಮಾಡಬೇಕು.

ಈಗ ಯಾವ ಕಾರ್ಖಾನೆಯಲ್ಲೇ ಆಗಲಿ, ಅಪ್‌ಗ್ರೇಡಿನ ಹೊತ್ತನ್ನು ಗೊತ್ತುಮಾಡುವ ಮೊದಲು ಸ್ಟೋರ್ಸ್ ಮತ್ತು ಡಿಸ್ಪ್ಯಾಚಿನವರನ್ನು ಕೇಳುತ್ತೇನೆ. ಕೊನೆಯ ಟೆಂಪೋ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಗೊತ್ತಿರುವುದು ಅವರಿಗೆ.